ರೋಮ್‌ನಿಂದ ಒಂದೇ ದಿನದಲ್ಲಿ ಓರ್ವಿಯೇತೊ ಮತ್ತು ಚಿವಿತಾ: ಗೈಡ್ ಇಲ್ಲದೆ ನೋಡಬಹುದಾ?

ವಯಸ್ಸಾದ ಅಪ್ಪ ಅಮ್ಮನ ಜೊತೆ ಬೆಳಗ್ಗೆ ಓರ್ವಿಯೇತೊ, ಮಧ್ಯಾಹ್ನ ಚಿವಿತಾ ದಿ ಬಾನ್ಯೊರೇಜೊ, ರಾತ್ರಿ ರೋಮ್‌ಗೆ ವಾಪಸ್. ಚಿವಿತಾಗೆ ಒಂದೂವರೆ ಗಂಟೆ ಸಾಕಾ, ನಡೆದು ನೋಡಲು ಯಾವ ಆ್ಯಪ್ ಒಳ್ಳೆಯದು ಅಂತ ಕೇಳಿದ್ದೀರಿ. ನಾವು ಹಾಕಿಕೊಂಡಿದ್ದ ಪ್ಲಾನ್ ಕೂಡ ಇದೇ. ನಮ್ಮ ಅಪ್ಪ ಚಿವಿತಾ ನೋಡಲಿಲ್ಲ. ಆ ಊರಿಗೆ ಹೋಗುವ ಸೇತುವೆಯ ಈಚೆ ತುದಿಯಲ್ಲಿ ಕೂತು, ಅಲ್ಲಿಂದಲೇ ವಾಪಸ್ ಬಂದರು.

ಚಿವಿತಾ ನೋಡಬೇಕು ಅಂದಿದ್ದೇ ಅಪ್ಪ. ಅವರು ಪಿಡಬ್ಲ್ಯುಡಿಯಲ್ಲಿ ಇಂಜಿನಿಯರ್ ಆಗಿದ್ದವರು. ಜಾಸ್ತಿ ವರ್ಷ ಕೆಲಸ ಮಾಡಿದ್ದು ಕೊಡಗಿನಲ್ಲಿ. 2018ರ ಆಗಸ್ಟ್ ಮಳೆಗೆ ಮಡಿಕೇರಿ ಸುತ್ತ ಗುಡ್ಡ ಜಾರಿದಾಗ, ತಾವೇ ನಿಂತು ಮಾಡಿಸಿದ್ದ ರಸ್ತೆಯ ಒಂದು ಭಾಗವೂ ಕೊಚ್ಚಿಹೋಯಿತು. ಆಮೇಲೆ ಅವರಿಗೆ ಜಾರುವ ನೆಲದ ಬಗ್ಗೆ ಓದುವುದೇ ಒಂದು ಅಭ್ಯಾಸ ಆಯಿತು. ಗುಡ್ಡದ ತುದಿಯಲ್ಲಿ ಎರಡೂವರೆ ಸಾವಿರ ವರ್ಷದಿಂದ ನಿಂತಿರುವ, ಅಂಚಿನಿಂದ ಸ್ವಲ್ಪ ಸ್ವಲ್ಪವೇ ಕುಸಿಯುತ್ತಿರುವ ಊರೊಂದು ಇಟಲಿಯಲ್ಲಿದೆ ಅಂತ ಅವರಿಗೆ ಗೊತ್ತಾಗಿದ್ದು ಹಾಗೆ. ಇಟಲಿ ಪ್ರವಾಸದಲ್ಲಿ ಅವರು ಬಾಯಿಬಿಟ್ಟು ಕೇಳಿದ್ದು ಇದೊಂದೇ ಜಾಗ.

ನಾನು ಮಾಡಿದ ತಪ್ಪು ಯಾವುದು ಅಂತ ಬಿಡಿಸಿ ಹೇಳುತ್ತೇನೆ. ನೀವೂ ಅದನ್ನೇ ಮಾಡಲು ಹೊರಟಿದ್ದೀರಿ.

ರೋಮ್‌ನಿಂದ ರೈಲಿನಲ್ಲಿ ಬಂದರೆ ಓರ್ವಿಯೇತೊ ಸ್ಟೇಷನ್ ಕೆಳಗಿದೆ, ಊರು ಬೆಟ್ಟದ ಮೇಲಿದೆ. ಸ್ಟೇಷನ್ ಎದುರಿನಿಂದಲೇ ಹಳಿ ಮೇಲೆ ಎಳೆಯುವ ಗಾಡಿ, ಫ್ಯುನಿಕ್ಯುಲರ್, ಹತ್ತಿಸಿಕೊಂಡು ಹೋಗುತ್ತದೆ. ಇಳಿದ ಕೂಡಲೇ ಪಕ್ಕದಲ್ಲಿ ಸೇಂಟ್ ಪ್ಯಾಟ್ರಿಕ್ ಬಾವಿ. 1527ರಲ್ಲಿ ರೋಮ್ ಲೂಟಿಯಾದಾಗ ಪೋಪ್ ಏಳನೇ ಕ್ಲೆಮೆಂಟ್ ಓರ್ವಿಯೇತೊಗೆ ಓಡಿಬಂದಿದ್ದರು. ಊರಿಗೆ ಮುತ್ತಿಗೆ ಬಿದ್ದರೆ ನೀರಿರಲಿ ಅಂತ ವಾಸ್ತುಶಿಲ್ಪಿ ಆಂತೋನಿಯೊ ದ ಸಾಂಗಾಲೊ ಕೈಲಿ ತೋಡಿಸಿದ ಬಾವಿ ಅದು. ಐವತ್ತು ಮೀಟರ್‌ಗೂ ಜಾಸ್ತಿ ಆಳ. ಇಳಿಯುವ ಮೆಟ್ಟಿಲು ಬೇರೆ, ಹತ್ತುವ ಮೆಟ್ಟಿಲು ಬೇರೆ, ಎರಡೂ ಒಂದಕ್ಕೊಂದು ಸುತ್ತಿಕೊಂಡು ಹೋಗುತ್ತವೆ, ಆದರೆ ನಡುವೆ ಎಲ್ಲೂ ಸೇರುವುದಿಲ್ಲ. ನೀರು ಹೊರುವ ಹೇಸರಗತ್ತೆಗಳು ಎದುರುಬದುರಾಗಬಾರದು ಅಂತ ಹಾಗೆ. ಇಂಜಿನಿಯರ್ ಆದವರನ್ನು ಅದರ ಬಾಯಲ್ಲಿ ನಿಲ್ಲಿಸಿ, ಇಳಿಯಬೇಡಿ ಅನ್ನಲು ಆಗುತ್ತದಾ?

ಇಳಿಯಲು 248 ಮೆಟ್ಟಿಲು, ಹತ್ತಲು 248. ಹೇಸರಗತ್ತೆಗೆ ಮಾಡಿದ ಮೆಟ್ಟಿಲುಗಳಾದ್ದರಿಂದ ಎತ್ತರ ಕಡಿಮೆ, ಅಗಲ ಜಾಸ್ತಿ. ನನ್ನ ದಾರಿ ತಪ್ಪಿಸಿದ್ದು ಇದೇ. ಇಳಿಯುವಾಗ ಅಪ್ಪನಿಗೆ ಏನೂ ಅನಿಸಲಿಲ್ಲ. ಮೇಲೆ ಬಂದಾಗಲೂ ಖುಷಿಯಾಗಿಯೇ ಇದ್ದರು. ಮಂಡಿ ಸವೆದವರಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ, ಆ ನೋವು ಆಗಲೇ ಗೊತ್ತಾಗುವುದಿಲ್ಲ. ಒಂದು ಕಡೆ ಸ್ವಲ್ಪ ಹೊತ್ತು ಕೂತು ಏಳುವಾಗ ಗೊತ್ತಾಗುತ್ತದೆ. ಓರ್ವಿಯೇತೊದಿಂದ, ಚಿವಿತಾದ ಪಕ್ಕದ ಊರಾದ ಬಾನ್ಯೊರೇಜೊಗೆ ಬಸ್ಸಿನಲ್ಲಿ ಮುಕ್ಕಾಲು ಗಂಟೆ ಕೂತರು. ಇಳಿಯುವಾಗ ಕಂಬಿ ಹಿಡಿದುಕೊಂಡೇ ಇಳಿದರು. ಅಲ್ಲಿಂದ ಸೇತುವೆಯ ಬುಡಕ್ಕೆ ಅರ್ಧ ಗಂಟೆ ನಡಿಗೆ, ಅದನ್ನೂ ನಡೆಸಿದೆ. ಆ ದಾರಿಗೆ ಶಟಲ್ ಬಸ್ ಇದೆ ಅಂತ ನಾನು ನೋಡಿಕೊಂಡೇ ಇರಲಿಲ್ಲ.

ಸೇತುವೆ 1965ರದ್ದು, ಕಾಂಕ್ರೀಟು, ಸುಮಾರು 300 ಮೀಟರ್ ಉದ್ದ. 300 ಮೀಟರ್ ಅಂದರೆ ಏನು ಮಹಾ ಅಂದುಕೊಂಡಿದ್ದೆ. ಆದರೆ ಅದು ಸಮ ಇಲ್ಲ, ಊರ ಬಾಗಿಲು ಹತ್ತಿರವಾದಂತೆ ಏರು ಜಾಸ್ತಿಯಾಗುತ್ತಾ ಹೋಗುತ್ತದೆ. ನೆರಳಿಲ್ಲ. ಪ್ರವಾಸಿಗರ ವಾಹನಕ್ಕೆ ಜಾಗವೇ ಇಲ್ಲ. ಅಪ್ಪ ಸ್ವಲ್ಪ ದೂರ ಬಂದು ನಿಂತರು. "ನೀವು ಹೋಗಿ ನೋಡಿಕೊಂಡು ಬನ್ನಿ, ನನಗೆ ಬಂದು ಹೇಳಿ" ಅಂದರು. ಅಮ್ಮ ಅವರ ಜೊತೆ ಉಳಿದರು.

ಬಾವಿ ನೋಡಿದ್ದು ತಪ್ಪಲ್ಲ, ಅದನ್ನು ಮೊದಲು ನೋಡಿದ್ದು ತಪ್ಪು. ಮ್ಯಾಪಿನಲ್ಲಿ ಹತ್ತಿರ ಇದೆ ಅನ್ನುವ ಒಂದೇ ಕಾರಣಕ್ಕೆ, ಯಾವುದಕ್ಕೆ ಅಷ್ಟು ದೂರ ಬಂದಿದ್ದೆವೋ ಅದಕ್ಕೆ ಬೇಕಿದ್ದ ಶಕ್ತಿಯನ್ನು ಬೆಳಗ್ಗೆಯೇ ಖರ್ಚು ಮಾಡಿಬಿಟ್ಟೆ. ಎರಡು ಊರು ಒಂದೇ ದಿನದಲ್ಲಿ ಆಗುತ್ತದಾ ಅಂದರೆ ಗಡಿಯಾರದ ಲೆಕ್ಕದಲ್ಲಿ ಆಗುತ್ತದೆ. ಮಂಡಿಯ ಲೆಕ್ಕ ಬೇರೆ. ಓರ್ವಿಯೇತೊವನ್ನು ಇನ್ನೊಂದು ದಿನಕ್ಕೆ ಇಡಿ. ದಿನ ಇಲ್ಲದಿದ್ದರೆ ಬಿಟ್ಟುಬಿಡಿ.

ಆ್ಯಪ್ ವಿಷಯಕ್ಕೆ ಬರುತ್ತೇನೆ. ನಾನು ಒಂದರಿಂದ ಕೊನೆಯವರೆಗೆ ನಂಬರ್ ಹಾಕಿದ ಒಂದು ನಡಿಗೆಯನ್ನು ಫೋನಿಗೆ ಇಳಿಸಿಕೊಂಡು ಹೋಗಿದ್ದೆ. ಚಿವಿತಾದ ಈ ತುದಿಯಿಂದ ಆ ತುದಿಗೆ ಹತ್ತು ನಿಮಿಷವೂ ಬೇಡ, ದಾರಿ ತಪ್ಪಲು ಊರೇ ಸಾಲದು. ನಂಬರ್ ಹುಡುಕುತ್ತಾ, ಫೋಟೋ ತೆಗೆಯುತ್ತಾ, ಗಂಟೆ ನೋಡುತ್ತಾ ಮುಗಿಸಿಬಿಟ್ಟೆ. ವಾಪಸ್ ಬಂದಾಗ ಅಪ್ಪ ಕೇಳಿದ್ದು ಇಷ್ಟೇ: "ಅಂಚಿನ ಮನೆಗಳ ಕೆಳಗೆ ಏನಿದೆ? ಅದನ್ನು ಹೇಗೆ ಹಿಡಿದು ನಿಲ್ಲಿಸಿದ್ದಾರೆ?" ಉತ್ತರ ಹೇಳಲು ನನಗೆ ಆಗಲಿಲ್ಲ. ಆ ಉತ್ತರ ಇರುವ ಮ್ಯೂಸಿಯಂ ನನ್ನ ಪಟ್ಟಿಯಲ್ಲಿ ಕೊನೆಯ ನಂಬರ್ ಆಗಿತ್ತು, ಬಸ್ಸಿಗೆ ಹೊತ್ತಾಯಿತು ಅಂತ ಬಿಟ್ಟಿದ್ದೆ. ಆಮೇಲೆ ಕೆಲಸದ ಮೇಲೆ ಇಟಲಿಗೆ ಹೋದಾಗ ಬಾನ್ಯೊರೇಜೊದಲ್ಲಿ ಉಳಿದುಕೊಂಡು ಸಾವಕಾಶವಾಗಿ ನೋಡಿ, ಅವರಿಗೆ ಫೋನಿನಲ್ಲಿ ಹೇಳಿದೆ. ನಾನು ಹೇಳುವ ದಾರಿ ಆ ಸಲದ್ದು.

ಹಾಗಾಗಿ ಗೈಡಾ ಆ್ಯಪಾ ಅನ್ನುವ ಪ್ರಶ್ನೆಯನ್ನೇ ಬಿಡಿ. ಎರಡೂ ಬೇಡ. ಹೋಗುವ ಮೊದಲು ಆ ಗುಡ್ಡ ಹೇಗೆ ನಿಂತಿದೆ ಅಂತ ತಿಳಿದುಕೊಳ್ಳಿ, ಸಾಕು. ಕೆಳಗಿರುವುದು ಹಳೆಯ ಸಮುದ್ರದ ತಳದ ಜೇಡಿಮಣ್ಣು. ಅದರ ಮೇಲೆ ಬೊಲ್ಸೇನಾ ಸರೋವರದ ಕಡೆಯ ಜ್ವಾಲಾಮುಖಿಗಳು ಉಗುಳಿದ ಬೂದಿ ಗಟ್ಟಿಯಾಗಿ ಆದ ಟಫ್ ಕಲ್ಲು. ಊರು ಇರುವುದು ಈ ಕಲ್ಲಿನ ಮೇಲೆ. ಮಳೆ ಮತ್ತು ಎರಡೂ ಕಡೆಯ ಹಳ್ಳಗಳು ಕೆಳಗಿನ ಮಣ್ಣನ್ನು ಕೊರೆಯುತ್ತವೆ. ಆಸರೆ ಹೋದಾಗ ಮೇಲಿನ ಕಲ್ಲು ಬಿರುಕು ಬಿಟ್ಟು, ಕೇಕಿನ ತುಂಡಿನ ಹಾಗೆ ನೆಟ್ಟಗೆ ಸೀಳಿ ಬೀಳುತ್ತದೆ. ಕೊಡಗಿನಲ್ಲಿ ಆದದ್ದು ಬೇರೆ ಥರ. ಅಲ್ಲಿ ನೀರು ಕುಡಿದ ಮಣ್ಣು ಮರ ಮನೆ ಸಮೇತ ಹರಿದುಬಂತು. ಇಲ್ಲಿ ಕಲ್ಲು ಒಂದೊಂದೇ ಹೋಳಾಗಿ ಹೋಗುತ್ತದೆ, ಅದರ ಮೇಲಿದ್ದ ಮನೆಯೂ ಜೊತೆಗೆ.

ನಡಿಗೆಯನ್ನು ಸೇತುವೆಯಿಂದ ಶುರು ಮಾಡಬೇಡಿ. ಬಾನ್ಯೊರೇಜೊದ ತುದಿಯಲ್ಲಿರುವ ಬೆಲ್ವೆದೇರೆ ಅನ್ನುವ ಕಟ್ಟೆಯಿಂದ ಶುರು ಮಾಡಿ. ಅಲ್ಲಿಂದ ಇಡೀ ಗುಡ್ಡ ಎದುರಿಗಿರುತ್ತದೆ. ಮೇಲೆ ಕಂದು ಕಲ್ಲು, ಕೆಳಗೆ ಬೂದು ಮಣ್ಣು, ನಡುವಿನ ಗೆರೆ ಬರಿಗಣ್ಣಿಗೇ ಕಾಣುತ್ತದೆ. ಸುತ್ತ ಕಣಿವೆಯಲ್ಲಿ ಮಳೆ ಕೊರೆದ ಮಣ್ಣಿನ ಚೂಪು ಏಣುಗಳು, ಅವನ್ನು ಅಲ್ಲಿ ಕಲಾಂಕಿ ಅನ್ನುತ್ತಾರೆ. ಒಂದು ಕಾಲದಲ್ಲಿ ಈ ಎರಡು ಊರಿನ ನಡುವೆ ನೆಲವೇ ಇತ್ತು. ಅದು ಸವೆದು ಹೋದದ್ದಕ್ಕೇ ಸೇತುವೆ ಬೇಕಾಯಿತು.

ಒಳಗೆ ಹೋಗಲು 2013ರಿಂದ ಟಿಕೆಟ್ ಇದೆ, ನಾನು ಕೊಟ್ಟದ್ದು 5 ಯೂರೋ. ವರ್ಷಪೂರ್ತಿ ಅಲ್ಲೇ ಇರುವವರು ಬೆರಳೆಣಿಕೆಯಷ್ಟು ಮಂದಿ, ಬರುವವರು ಲಕ್ಷಗಟ್ಟಲೆ, ಆದ್ದರಿಂದ ಕೊಡಿ, ಬೇಜಾರು ಮಾಡಿಕೊಳ್ಳಬೇಡಿ. ಊರಬಾಗಿಲು ಸಾಂತಾ ಮರಿಯಾ. ಅದರ ಒಳದಾರಿಯನ್ನು, ರೋಮನ್ನರಿಗಿಂತ ಮೊದಲು ಅಲ್ಲಿದ್ದ ಎಟ್ರಸ್ಕನ್ನರು ಟಫ್ ಕಲ್ಲಿನಲ್ಲೇ ಕೊರೆದಿದ್ದಾರೆ. ಬಾಗಿಲಿನ ಎರಡೂ ಕಡೆ ಮನುಷ್ಯರ ತಲೆ ಹಿಡಿದ ಕಲ್ಲಿನ ಸಿಂಹಗಳಿವೆ. ದಾಟಿದ ಮೇಲೆ ಒಂದು ದೊಡ್ಡ ಮನೆಯ ಮುಂಗೋಡೆ ಸಿಗುತ್ತದೆ. ಅದರ ಕಿಟಕಿಯಲ್ಲಿ ಆಕಾಶ ಕಾಣುತ್ತದೆ, ಹಿಂದೆ ಮನೆ ಇಲ್ಲ. ಎಲ್ಲರೂ ಅಲ್ಲಿ ಫೋಟೋ ತೆಗೆದುಕೊಂಡು ಮುಂದೆ ಹೋಗುತ್ತಾರೆ. ನೀವು ನಿಂತು, ಉಳಿದ ಮನೆ ಯಾವ ಕಡೆಗೆ ಹೋಯಿತು ಅಂತ ನೋಡಿ.

ಮುಂದೆ ಸಾನ್ ದೊನಾತೊ ಚರ್ಚಿನ ಚೌಕ. ನೆಲಕ್ಕೆ ಕಲ್ಲು ಹಾಸಿಲ್ಲ, ಮಣ್ಣು ಜಲ್ಲಿಯೇ. ವರ್ಷಕ್ಕೆ ಎರಡು ಸಲ ಅಲ್ಲಿ ಕತ್ತೆ ಓಟ ನಡೆಯುತ್ತದೆ. ಚರ್ಚಿಗಿಂತ ಮೊದಲು ಅದೇ ಚೌಕದಲ್ಲಿರುವ ಅಲೆಮಾನ್ನಿ ಅರಮನೆಗೆ ಹೋಗಿ. ಭೂಕುಸಿತಕ್ಕೇ ಮೀಸಲಾದ ಮ್ಯೂಸಿಯಂ ಇರುವುದು ಅಲ್ಲಿ, 2012ರಲ್ಲಿ ಶುರುವಾಗಿದ್ದು. ಎಲ್ಲ ದಿನ ತೆರೆದಿರುವುದಿಲ್ಲ, ಅದು ತೆರೆದಿರುವ ದಿನ ನೋಡಿಕೊಂಡೇ ಪ್ರವಾಸದ ದಿನ ಇಟ್ಟುಕೊಳ್ಳಿ. 1695ರ ಭೂಕಂಪದ ನಂತರ ಬಿಷಪ್ಪರೂ ಪುರಸಭೆಯೂ ಚಿವಿತಾ ಬಿಟ್ಟು ಬಾನ್ಯೊರೇಜೊಗೆ ಹೋದದ್ದು, ಬಂಡೆಯನ್ನು ಬಿಗಿದು ನಿಲ್ಲಿಸಲು ಮಾಡಿದ ಪ್ರಯತ್ನಗಳು, ಎಲ್ಲ ಅಲ್ಲಿ ಅರ್ಥವಾಗುತ್ತದೆ. ಅದನ್ನು ನೋಡಿ ಹೊರಗೆ ಬಂದರೆ ಬೀದಿಯ ಒಂದೊಂದು ಬಿರುಕಿಗೂ ಕಾರಣ ಗೊತ್ತಿರುತ್ತದೆ.

ಆಮೇಲೆ ಮುಖ್ಯ ಬೀದಿ ಹಿಡಿದು ಆಚೆ ತುದಿಗೆ ಹೋಗಿ. ಹದಿಮೂರನೇ ಶತಮಾನದ ಸಂತ ಬೊನಾವೆಂತೂರಾ ಹುಟ್ಟಿದ್ದು ಈ ಊರಿನಲ್ಲಿ. ಅವರ ಮನೆ ಬಿದ್ದುಹೋಗಿದೆ, ಗುರುತಿಗೆ ಒಂದು ಫಲಕ ಇದೆ. ಬೀದಿ ಮುಗಿದ ಮೇಲೂ ಇಳಿದರೆ ಬುಕಯೋನೆ ಅನ್ನುವ ಸುರಂಗ, ಊರ ಕೆಳಗೆ ಬಂಡೆ ಕೊರೆದು ಕಣಿವೆಗೆ ದಾರಿ ಮಾಡಿದ್ದು. ಅಲ್ಲಿಗೆ ಜನ ಕಡಿಮೆ. ನಿಮ್ಮ ಅಪ್ಪ ಅಮ್ಮನಿಗೆ ಅದು ಬೇಡ, ಇಳಿಜಾರು ಜಾಸ್ತಿ.

ಇಷ್ಟಕ್ಕೆ ಒಂದೂವರೆ ಗಂಟೆ ಸಾಲದು. ಅರ್ಧ ದಿನ ಕೊಡಿ. ರೋಮ್‌ನಿಂದ ಬೆಳಗಿನ ರೈಲು ಹಿಡಿದು, ಓರ್ವಿಯೇತೊದಲ್ಲಿ ನೇರ ಬಸ್ ಹತ್ತಿ. ಫ್ಯುನಿಕ್ಯುಲರ್ ಕಡೆ ತಿರುಗಿಯೂ ನೋಡಬೇಡಿ. ಭಾನುವಾರ, ರಜಾದಿನ ಬೇಡ, ಆ ದಿನಗಳಲ್ಲಿ ಬಸ್ ನಂಬಿಕೊಂಡು ಹೋಗಲು ಆಗುವುದಿಲ್ಲ. ಹೋಗುವ ಬಸ್ಸಿಗಿಂತ ಮೊದಲು ಬರುವ ಬಸ್ಸಿನ ಹೊತ್ತು ಬರೆದಿಟ್ಟುಕೊಳ್ಳಿ. ಬಾನ್ಯೊರೇಜೊದಲ್ಲಿ ಅಪ್ಪ ಅಮ್ಮನನ್ನು ಶಟಲ್‌ನಲ್ಲೇ ಕರೆದುಕೊಂಡು ಹೋಗಿ, ಬಿಸಿಲಿಗೆ ಮುಂಚೆ ಸೇತುವೆ ದಾಟಿಸಿ. ಅವರಿಗೆ ಹತ್ತಲು ಆಗುವುದೇ ಇಲ್ಲ ಅಂತ ನಿಮಗೆ ಮೊದಲೇ ಅನಿಸಿದರೆ ಬೆಲ್ವೆದೇರೆಯಲ್ಲಿ ಕೂರಿಸಿ, ಬುತ್ತಿಯನ್ನೂ ಅಲ್ಲೇ ಬಿಚ್ಚಿ. ನಮ್ಮ ಅಪ್ಪನನ್ನು ಸೇತುವೆಯ ಬುಡದಲ್ಲಿ ಬಿಡುವ ಬದಲು ಅಲ್ಲಿ ಕೂರಿಸಿದ್ದರೆ, ಅವರು ಕೇಳಿದ ಮೊದಲ ಪ್ರಶ್ನೆಗೆ ಉತ್ತರ ಅವರ ಕಣ್ಣೆದುರೇ ಇರುತ್ತಿತ್ತು.