ಕೈಕಾಲು ಚೆನ್ನಾಗಿವೆ, ಮತ್ತೆ ಗೋಣಿಗೆ ಆಪರೇಷನ್ ಯಾಕೆ?

ಓದುಗರ ಪ್ರಶ್ನೆಗೆ ಕಲಬುರಗಿಯ ಬೆನ್ನೆಲುಬು ಶಸ್ತ್ರಚಿಕಿತ್ಸಕರ ಉತ್ತರ

ಪ್ರಶ್ನೆ: ನಮ್ಮ ತಂದೆಗೆ 64 ವರ್ಷ. ಹನ್ನೆರಡು ದಿನದ ಹಿಂದೆ ಬೈಕಿನ ಹಿಂದೆ ಕೂತು ಬರುವಾಗ ಹಂಪ್ ಮೇಲೆ ಹಾರಿ ಬಿದ್ದರು. ಹಣೆಗೆ ನಾಲ್ಕು ಹೊಲಿಗೆ ಬಿದ್ದವು. ಅವತ್ತಿನಿಂದ ಹೆಡಕಿನಲ್ಲಿ ನೋವು. ಊರಲ್ಲಿ ಎರಡು ಸಲ ಎಣ್ಣೆ ಹಚ್ಚಿ ತಿಕ್ಕಿಸಿದೆವು, ಕಡಿಮೆ ಆಗಲಿಲ್ಲ. ಈಗ ಸಿ.ಟಿ. ಸ್ಕ್ಯಾನಿನಲ್ಲಿ ‘ಸಿ2 ಒಡಾಂಟಾಯ್ಡ್ ಮುರಿತ, ಟೈಪ್ 2, 6 ಮಿ.ಮೀ. ಸರಿದಿದೆ’ ಎಂದು ಬಂದಿದೆ. ಸ್ಕ್ರೂ ಹಾಕಬೇಕು ಅಂತಾರೆ. ಆದರೆ ಅವರ ಕೈಕಾಲು ಚೆನ್ನಾಗಿ ಆಡುತ್ತವೆ, ಹೊಲಕ್ಕೂ ಹೋಗಿ ಬಂದಿದ್ದಾರೆ. ಬೆಲ್ಟ್ ಹಾಕಿದರೆ ಸಾಲದೇ? ಗೋಣಿಗೆ ಕತ್ತರಿ ಹಾಕಿಸಿದರೆ ಕೈಕಾಲು ಬಿದ್ದು ಹೋಗುತ್ತವೆ ಅಂತ ಬೀಗರು ಹೆದರಿಸುತ್ತಿದ್ದಾರೆ.
— ಓದುಗರು, ಶಹಾಪುರ ತಾಲ್ಲೂಕು

ಉತ್ತರ: ಮೊದಲು ಎಣ್ಣೆ ತಿಕ್ಕಿಸುವುದನ್ನು ನಿಲ್ಲಿಸಿ. ಹೊಲವನ್ನೂ. ಗಟ್ಟಿ ಕಾಲರ್ (ನೀವು ಬೆಲ್ಟ್ ಅನ್ನುವುದು ಅದನ್ನೇ) ಹಾಕಿ ಮಲಗಿಸಿ, ಆಮೇಲೆ ಇದನ್ನು ಓದಿ.

ಒಂದು ಕೇಳುತ್ತೇನೆ. ನಿಮ್ಮ ತಂದೆ ಹಾಸಿಗೆಯಿಂದ ಏಳುವಾಗ ಎರಡೂ ಕೈಯಲ್ಲಿ ತಮ್ಮ ತಲೆಯನ್ನು ತಾವೇ ಹಿಡಿದುಕೊಂಡು ಏಳುತ್ತಾರಾ? ತುಂಬಿದ ಕೊಡ ಎತ್ತಿದ ಹಾಗೆ? ನನ್ನ ಓಪಿಡಿಯಲ್ಲಿ ಯಾರಾದರೂ ಹಾಗೆ ಎದ್ದರೆ ನಾನು ಮುಂದಿನ ಮಾತು ಆಡುವುದಿಲ್ಲ, ಕಾಲರ್ ತರಿಸುತ್ತೇನೆ. ಗೋಣು ನಿಲ್ಲುತ್ತಿಲ್ಲ ಅಂತ ಎಕ್ಸ್‌ರೇಗಿಂತ ಮೊದಲು ಆ ಕೈಗಳು ಹೇಳುತ್ತವೆ. ಹಣೆಯ ಗಾಯವೂ ಒಂದು ಸುಳಿವು. ಹಣೆ ನೆಲಕ್ಕೆ ಬಡಿದಾಗ ಗೋಣು ಹಿಂದಕ್ಕೆ ಮುರಿದ ಹಾಗೆ ಬಾಗುತ್ತದೆ. ಹೊಲಿಗೆ ಹಾಕುವ ಗಡಿಬಿಡಿಯಲ್ಲಿ ಗೋಣನ್ನು ಯಾರೂ ನೋಡುವುದಿಲ್ಲ.

ಮುರಿದಿರುವುದು ಏನು ಅಂತ ತಿಳಿಯಲು ಮನೆಯ ಬೀಸುವ ಕಲ್ಲನ್ನು ನೆನೆಸಿಕೊಳ್ಳಿ. ಕೆಳಗಿನ ಕಲ್ಲಿನ ನಡುವೆ ಒಂದು ಗೂಟ. ಮೇಲಿನ ಕಲ್ಲು ಆ ಗೂಟದ ಸುತ್ತ ತಿರುಗುತ್ತದೆ. ಗೋಣಿನಲ್ಲಿ ಏಳು ಎಲುಬುಗಳಿವೆ. ಮೊದಲನೆಯದು, ಸಿ1, ಉಂಗುರದ ಹಾಗೆ. ಅದರ ಮೇಲೆ ತಲೆ ಕೂತಿದೆ. ಎರಡನೆಯದು ಸಿ2. ಅದರಿಂದ ಮೇಲಕ್ಕೆ ಎದ್ದಿರುವ ಗೂಟವೇ ಒಡಾಂಟಾಯ್ಡ್. ನಾವು ತಲೆಯನ್ನು ಎಡಕ್ಕೆ ಬಲಕ್ಕೆ ತಿರುಗಿಸುತ್ತೇವಲ್ಲ, ಅದರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಈ ಒಂದೇ ಗೂಟದ ಸುತ್ತ ನಡೆಯುತ್ತದೆ. ನಿಮ್ಮ ತಂದೆಯ ಗೂಟ ಬುಡದಲ್ಲಿ ಮುರಿದಿದೆ. ಮೇಲಿನ ಕಲ್ಲಿಗೆ ಈಗ ಹಿಡಿತವೇ ಇಲ್ಲ.

ಹಾಗಾದರೆ ಕೈಕಾಲು ಯಾಕೆ ಹೋಗಲಿಲ್ಲ? ಅಲ್ಲಿ ಜಾಗ ಜಾಸ್ತಿ ಇದೆ, ಅದಕ್ಕೆ. ಸಿ1 ಉಂಗುರದ ಒಳಗಿನ ಜಾಗವನ್ನು ಮೂರು ಪಾಲು ಮಾಡಿದರೆ, ಒಂದು ಪಾಲು ಗೂಟಕ್ಕೆ, ಒಂದು ಪಾಲು ಬೆನ್ನುಹುರಿಗೆ, ಇನ್ನೊಂದು ಪಾಲು ಖಾಲಿ. ಆ ಖಾಲಿ ಪಾಲೇ ಇಷ್ಟು ದಿನ ಅವರನ್ನು ಕಾಪಾಡಿದೆ. ಇನ್ನೊಂದು ಸಲ ಜಾರಿ ಬಿದ್ದರೆ, ಅಥವಾ ಯಾರೋ ಗೋಣು ಹಿಡಿದು ತಿರುವಿದರೆ, ಆ ಜಾಗವೂ ಮುಗಿಯಬಹುದು. ಉಸಿರಾಡಿಸುವ ವಪೆಯ ನರ ಇದಕ್ಕಿಂತ ಕೆಳಗೆ, ಸಿ3ರಿಂದ ಸಿ5ರ ಹತ್ತಿರ ಹೊರಡುತ್ತದೆ. ಹಾಗಾಗಿ ಇಲ್ಲಿ ಹುರಿ ಜಜ್ಜಿದರೆ ಕೈಕಾಲಷ್ಟೇ ಅಲ್ಲ, ಉಸಿರೂ ನಿಲ್ಲಬಹುದು. ‘ಕೈಕಾಲು ಆಡ್ತಾವಲ್ಲ ಸಾಹೇಬ್ರೆ, ಮತ್ತ್ಯಾಕ?’ ಎಂದು ವಾರಕ್ಕೊಬ್ಬರಾದರೂ ಕೇಳುತ್ತಾರೆ. ಆಡುತ್ತಿರುವಾಗಲೇ ಮಾಡಬೇಕಾದ ಆಪರೇಷನ್ ಇದು. ನಿಂತ ಮೇಲೆ ಮಾಡಿದರೆ ಹೋದದ್ದು ಪೂರಾ ಮರಳುವ ಭರವಸೆ ನಾನು ಕೊಡಲಾರೆ.

ಇನ್ನು ಬೆಲ್ಟ್ ವಿಷಯ. ಈ ಗೂಟದ ಮುರಿತಗಳನ್ನು ಆ್ಯಂಡರ್ಸನ್ ಮತ್ತು ಡಿ’ಅಲೊಂಜೊ ಎಂಬ ವೈದ್ಯರು 1974ರಲ್ಲಿ ಮೂರು ಬಗೆ ಮಾಡಿದರು. ತುದಿ ಮುರಿದರೆ ಒಂದು, ಬುಡ ಮುರಿದರೆ ಎರಡು, ಕೆಳಗಿನ ಎಲುಬಿನೊಳಗೇ ಸೀಳು ಇಳಿದರೆ ಮೂರು. ಮೂರನೆಯದು ಬಹಳ ಸಲ ಕಾಲರಿನಲ್ಲೇ ಕೂಡುತ್ತದೆ. ಮೊಂಡ ಎರಡನೆಯದು. ಅಲ್ಲಿ ಎಲುಬಿಗೆ ಎಲುಬು ತಾಗುವ ಜಾಗ ಕಮ್ಮಿ. ವಯಸ್ಸು 50 ದಾಟಿದ್ದರೆ, ತುಂಡು 5 ಮಿ.ಮೀ.ಗಿಂತ ಹೆಚ್ಚು ಸರಿದಿದ್ದರೆ ಕೂಡುವ ಸಾಧ್ಯತೆ ಇನ್ನೂ ಇಳಿಯುತ್ತದೆ. ನಿಮ್ಮ ತಂದೆಗೆ ಎರಡೂ ಇವೆ. ಬೀಡಿ ಸೇದುತ್ತಿದ್ದರೆ ಬಿಡಿಸಿ, ಎಲುಬು ಕೂಡುವುದನ್ನು ಅದೂ ತಡೆಯುತ್ತದೆ. ತಲೆಬುರುಡೆಗೆ ಪಿನ್ ಕೂಡಿಸಿ ಹಾಕುವ ‘ಹೇಲೋ’ ಎಂಬ ಚೌಕಟ್ಟೂ ಇದೆ. ವಯಸ್ಸಾದವರಿಗೆ ಅದರಲ್ಲಿ ನುಂಗುವುದು ಕಷ್ಟ, ಎದೆಯಲ್ಲಿ ಕಫ ಕಟ್ಟುತ್ತದೆ. ಈ ವಯಸ್ಸಿನವರಿಗೆ ನಾನಂತೂ ಹಾಕುವುದಿಲ್ಲ. 85 ದಾಟಿದ, ಹೃದಯ ಸೋತ ಅಜ್ಜನಾಗಿದ್ದರೆ ಕಾಲರ್ ಸಾಕು ಅಂತ ನಾನೇ ಹೇಳುತ್ತಿದ್ದೆ. 64ಕ್ಕೆ, ಹೊಲಕ್ಕೆ ನಡೆದು ಹೋಗುವವರಿಗೆ, ಆಪರೇಷನ್ನೇ ಸರಿ.

ಆಪರೇಷನ್ ಎರಡು ದಾರಿಯಲ್ಲಿ ಆಗುತ್ತದೆ. ಒಂದು, ಗಂಟಲಿನ ಕಡೆಯಿಂದ ಹೋಗಿ ಮುರಿದ ಗೂಟಕ್ಕೆ ಕೆಳಗಿನಿಂದ ನೇರ ಸ್ಕ್ರೂ ಹಾಕುವುದು. ಗೋಣು ಮೊದಲಿನಂತೆ ತಿರುಗುತ್ತದೆ, ಅದೇ ಅದರ ಲಾಭ. ಆದರೆ ಮುರಿತ ಹಸಿಯಾಗಿರಬೇಕು, ಎಲುಬು ಗಟ್ಟಿ ಇರಬೇಕು, ಗೂಟವನ್ನು ಉಂಗುರಕ್ಕೆ ಒತ್ತಿ ಹಿಡಿಯುವ ಅಡ್ಡ ಕಟ್ಟು ಹರಿದಿರಬಾರದು. ಇನ್ನೊಂದು, ಹಿಂದಿನಿಂದ ಸಿ1ಕ್ಕೆ ಎರಡು, ಸಿ2ಕ್ಕೆ ಎರಡು ಸ್ಕ್ರೂ ಹಾಕಿ ಬಿಗಿದು, ಸೊಂಟದ ಎಲುಬಿನ ಚೂರು ಇಟ್ಟು ಎರಡನ್ನೂ ಒಂದು ಮಾಡುವುದು. ಸಿ1ರ ಪಕ್ಕದ ದಪ್ಪ ಭಾಗಕ್ಕೇ ಸ್ಕ್ರೂ ಹಾಕುವ ಈ ವಿಧಾನವನ್ನು ಮುಂಬೈಯ ಕೆಇಎಂ ಆಸ್ಪತ್ರೆಯ ಡಾ. ಅತುಲ್ ಗೋಯಲ್ 1994ರಲ್ಲಿ ಪ್ರಕಟಿಸಿದರು. ಗೋಯಲ್ ಬಳಸಿದ್ದ ಪ್ಲೇಟಿನ ಬದಲು ರಾಡ್ ಬಳಸುವುದನ್ನು ಜರ್ಮನಿಯ ಡಾ. ಹಾರ್ಮ್ಸ್ 2001ರಲ್ಲಿ ಪ್ರಕಟಿಸಿದರು. ಇವತ್ತು ಊರೂರಲ್ಲಿ ಇದನ್ನು ಗೋಯಲ್–ಹಾರ್ಮ್ಸ್ ಅಂತಲೇ ಕರೆಯುತ್ತಾರೆ. ಎಲ್ಲ ವಿದೇಶದಿಂದ ಬಂತು ಅನ್ನುವವರಿಗೆ ಇದನ್ನು ಹೇಳಲು ನನಗೆ ಸುಮ್ನೆ ಒಂದು ಖುಷಿ.

ನಿಮ್ಮ ತಂದೆಗೆ ಹೆಚ್ಚಾಗಿ ಎರಡನೆಯದನ್ನೇ ಸೂಚಿಸಿರುತ್ತಾರೆ. ಬೆಲೆ ಏನು? ಗೋಣು ತಿರುಗುವುದು ಸುಮಾರು ಅರ್ಧ ಕಮ್ಮಿ ಆಗುತ್ತದೆ. ಪಕ್ಕಕ್ಕೆ ನೋಡಲು ಭುಜವನ್ನೂ ಜೊತೆಗೆ ತಿರುಗಿಸಬೇಕಾಗುತ್ತದೆ. ಬೀಗರ ಹೆದರಿಕೆ ಪೂರಾ ಸುಳ್ಳಲ್ಲ, ಹುರಿಗೆ ಪೆಟ್ಟಾಗುವ ಅಪಾಯ ಇದ್ದೇ ಇದೆ, ಆದರೆ ಸಣ್ಣದು. ನಾನು ಜಾಸ್ತಿ ಎಚ್ಚರ ವಹಿಸುವುದು ಮೆದುಳಿಗೆ ಹೋಗುವ ರಕ್ತನಾಳದ ಬಗ್ಗೆ. ಅದು ಈ ಎರಡೂ ಎಲುಬುಗಳ ತೂತಿನಲ್ಲೇ ಹಾದು ಹೋಗುತ್ತದೆ, ಕೆಲವರಲ್ಲಿ ಸ್ಕ್ರೂ ದಾರಿಗೇ ಅಡ್ಡ ಇರುತ್ತದೆ. ಅದಕ್ಕೇ ಮೊದಲು ಸಿ.ಟಿ. ಆಂಜಿಯೋಗ್ರಾಮ್ ಕೇಳುತ್ತೇವೆ. ನಿಮ್ಮ ಡಾಕ್ಟರರನ್ನು ಕೇಳಿ: ಅದನ್ನು ಮಾಡಿಸಿದ್ದೀರಾ, ನೀವು ಇಂಥ ಕೇಸ್ ಎಷ್ಟು ಮಾಡಿದ್ದೀರಿ? ಕೇಳುವುದು ನಿಮ್ಮ ಹಕ್ಕು, ಒಳ್ಳೆಯವರು ಬೇಜಾರು ಮಾಡಿಕೊಳ್ಳುವುದಿಲ್ಲ.

ಸೊಲ್ಲಾಪುರಕ್ಕೋ ಹೈದರಾಬಾದಿಗೋ ಒಯ್ಯುವುದಿದ್ದರೆ ಕಾರಿನ ಸೀಟಿನಲ್ಲಿ ಕೂಡಿಸಬೇಡಿ. ಆಂಬುಲೆನ್ಸಿನಲ್ಲಿ ಅಂಗಾತ ಮಲಗಿಸಿ, ತಲೆಯ ಎರಡೂ ಬದಿಗೆ ಸುತ್ತಿದ ಟವೆಲ್ ಒತ್ತಾಗಿ ಇಡಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಅವಕಾಶ ಇದೆ. ಹೊರಡುವ ಮೊದಲು ಅದನ್ನು ವಿಚಾರಿಸಿ.

ಪ್ರಶ್ನೆ: ನನಗೆ 27. ಹುಣಸೆಮರದಿಂದ ತಲೆ ಕೆಳಗಾಗಿ ಬಿದ್ದೆ. ಸಿ1 ಎಲುಬು ಮೂರು ಕಡೆ ಮುರಿದಿದೆಯಂತೆ. ಆದರೂ ಆಪರೇಷನ್ ಬೇಡ, ಮೂರು ತಿಂಗಳು ಕಾಲರ್ ಸಾಕು ಅಂದರು. ನಮ್ಮ ಹತ್ತಿರ ದುಡ್ಡಿಲ್ಲ ಅಂತ ಹೀಗೆ ಹೇಳಿದರಾ?
— ಓದುಗರು, ಬೀದರ್ ಜಿಲ್ಲೆ

ಉತ್ತರ: ಇಲ್ಲಪ್ಪ, ಸರಿಯಾಗಿಯೇ ಹೇಳಿದ್ದಾರೆ. ಬಳೆ ನೆಲಕ್ಕೆ ಬಿದ್ದರೆ ಒಂದೇ ಕಡೆ ಒಡೆಯುತ್ತದಾ? ಎರಡು ಮೂರು ಕಡೆ ಒಡೆಯುತ್ತದೆ. ನಿಮ್ಮ ಉಂಗುರದ ಎಲುಬೂ ಹಾಗೆ ಒಡೆದಿದೆ. ಇಂಗ್ಲೆಂಡಿನ ಶಸ್ತ್ರಚಿಕಿತ್ಸಕ ಜೆಫರ್‌ಸನ್ 1920ರಲ್ಲಿ ಇದನ್ನು ವಿವರಿಸಿದ್ದರಿಂದ ಇದಕ್ಕೆ ಜೆಫರ್‌ಸನ್ ಮುರಿತ ಅನ್ನುತ್ತಾರೆ. ತುಂಡುಗಳು ಹೊರಕ್ಕೆ ಸರಿಯುತ್ತವೆ, ಹುರಿಗೆ ಜಾಗ ಹೆಚ್ಚೇ ಆಗುತ್ತದೆ. ಮೇಲೆ ಹೇಳಿದ ಅಡ್ಡ ಕಟ್ಟು ಗಟ್ಟಿ ಇದ್ದರೆ ಕಾಲರಿನಲ್ಲಿ ಕೂಡುತ್ತದೆ. ಹರಿದಿದ್ದರೆ ಮಾತು ಬೇರೆ. ಬಾಯಿ ತೆರೆಸಿ ತೆಗೆಯುವ ಎಕ್ಸ್‌ರೇಯಲ್ಲಿ ಎರಡೂ ಬದಿ ಸೇರಿ ಸುಮಾರು 7 ಮಿ.ಮೀ. ಹೊರಕ್ಕೆ ಸರಿದಿದ್ದರೆ ಅನುಮಾನ ಬರುತ್ತದೆ, ಎಂಆರ್‌ಐಯಲ್ಲಿ ಖಚಿತವಾಗುತ್ತದೆ. ಎಂಆರ್‌ಐ ಮಾಡಿಸಿಲ್ಲ ಅಂದರೆ ಒಮ್ಮೆ ಕೇಳಿ.

ಕಾಲರನ್ನು ನೀವೇ ಬಿಚ್ಚಬೇಡಿ. ಸೆಕೆ, ತುರಿಕೆ ಅಂತ ರಾತ್ರಿ ಬಿಚ್ಚಿಡುವವರೇ ಜಾಸ್ತಿ. ಮೂರು ತಿಂಗಳಾದ ಮೇಲೆ ಗೋಣು ಬಗ್ಗಿಸಿ, ಎತ್ತಿಸಿ ಎಕ್ಸ್‌ರೇ ತೆಗೆಯುತ್ತಾರೆ. ಅದರಲ್ಲಿ ಅಲುಗಾಟ ಇಲ್ಲ ಅಂತ ಕಂಡರೆ ಮಾತ್ರ ಬಿಚ್ಚುವುದು.

ಪ್ರಶ್ನೆ: ಕಟಿಂಗ್ ಆದ ಮೇಲೆ ಅಂಗಡಿಯವರು ಗೋಣು ಹಿಡಿದು ‘ಲಟಕ್’ ಅನ್ನಿಸುತ್ತಾರೆ. ಹಿತ ಅನ್ನಿಸುತ್ತದೆ. ತೊಂದರೆ ಇದೆಯಾ?
— ಓದುಗರು, ಸೇಡಂ

ಉತ್ತರ: ಎಲುಬು ಮುರಿಯುವುದು ಅಪರೂಪ. ಆದರೆ ಗೋಣಿನ ಎಲುಬುಗಳ ತೂತಿನಲ್ಲಿ ಹಾದು ಮೆದುಳಿಗೆ ಹೋಗುವ ರಕ್ತನಾಳದ ಒಳಪದರ ಹರಿದು ಪಾರ್ಶ್ವವಾಯು ಆದವರಿದ್ದಾರೆ, ಹುಡುಗರಲ್ಲೂ. ಲಟಕ್ ಆದ ಮೇಲೆ ಹೊಸ ನೋವು, ತಲೆಸುತ್ತು, ತೊದಲು, ನಡಿಗೆಯಲ್ಲಿ ತೂರಾಟ ಬಂದರೆ ತಕ್ಷಣ ಆಸ್ಪತ್ರೆಗೆ ಹೋಗಿ. ತಲೆಗೆ ಚಂಪಿ ಮಾಡಿಸಿಕೊಳ್ಳಿ, ಅಡ್ಡಿಯಿಲ್ಲ. ಗೋಣು ಮುಟ್ಟಬೇಡ ಅಂತ ಕುರ್ಚಿಯಲ್ಲಿ ಕೂತ ಕೂಡಲೇ ಹೇಳಿಬಿಡಿ. ನಾನೂ ಹಾಗೇ ಹೇಳುತ್ತೇನೆ, ಆದರೂ ಪ್ರತಿ ತಿಂಗಳು ಮತ್ತೆ ಹೇಳಬೇಕಾಗುತ್ತದೆ.