ಸಾಸಿವೆ ಪುಡಿಯನ್ನು ಕುದಿಸಬೇಡಿ

ಟೊಮೆಟೊ ಸೊರಗಿ ಸತ್ತ ಮಡಿಗೆ, ಮಣ್ಣಲ್ಲಿರುವ ರೋಗಾಣು ಸಾಯಲಿ ಅಂತ ಹೊಯ್ಯಲು, ಸಾಸಿವೆ ಪುಡಿ ಕುದಿಸುತ್ತಿರುವ ಫೋಟೋ ಹಾಕಿದ್ದೀರಿ. ಮೊದಲು ಒಲೆ ಆರಿಸಿ. ನಾನೂ ಇದನ್ನೇ ಮಾಡಿ ಕೈಸುಟ್ಟುಕೊಂಡವನು.

ಸಾಸಿವೆಯಲ್ಲಿ ಆ ಘಾಟು ಮೊದಲೇ ತಯಾರಾಗಿ ಕೂತಿರುವುದಿಲ್ಲ. ಕಾಳು ಒಡೆದು ನೀರು ತಾಗಿದಾಗ ಮೈರೋಸಿನೇಸ್ ಅನ್ನೋ ಕಿಣ್ವ (ಎನ್ಜೈಮ್) ಕೆಲಸ ಶುರು ಮಾಡುತ್ತದೆ. ಆಗ ಹುಟ್ಟುವ ಅಲೈಲ್ ಐಸೋಥಯೋಸಯನೇಟ್ ಅನ್ನೋ ಘಾಟಿನ ಅನಿಲವೇ ಬ್ಯಾಕ್ಟೀರಿಯಾ, ಶಿಲೀಂಧ್ರಗಳಿಗೆ ಪೆಟ್ಟು ಕೊಡುವುದು. ಕುದಿಸಿದರೆ ಕಿಣ್ವವೇ ಕೆಟ್ಟುಹೋಗುತ್ತದೆ. ನನ್ನ ಮೊದಲ ಕಷಾಯದಲ್ಲಿ ಘಾಟೇ ಇರಲಿಲ್ಲ. ಚೆನ್ನಾಗಿ ಬೆಂದಿದೆ ಅಂತ ಖುಷಿಪಟ್ಟು ಹೊಯ್ದೆ. ಮಣ್ಣಿಗೆ ಸಾಸಿವೆ ಗಂಜಿ ಕುಡಿಸಿದ ಹಾಗಾಯ್ತು, ಅಷ್ಟೇ.

ಎರಡನೇ ಸಲ ತಣ್ಣೀರಲ್ಲಿ ಕಲಸಿದೆ. ಕಾಲು ಗಂಟೆಗೆ ಮೂಗು ಉರಿದು ಕಣ್ಣಲ್ಲಿ ನೀರು ಬಂತು. ಆದರೆ ಅವಸರ ನೋಡಿ, ಮೂರನೇ ದಿನವೇ ಸಸಿ ನೆಟ್ಟೆ. ವಾರದೊಳಗೆ ಎಲ್ಲ ಬಾಡಿದವು. ರೋಗ ಮತ್ತೆ ಬಂತು ಅಂತ ಕಿತ್ತು ನೋಡಿದರೆ ಬೇರಿನ ತುದಿಗಳು ಕಂದಾಗಿ ಸುಟ್ಟಿದ್ದವು. ಬ್ಯಾಕ್ಟೀರಿಯಾ ಕೊಲ್ಲುವ ಘಾಟು ಎಳೆ ಬೇರನ್ನು ಬಿಡುತ್ತದಾ?

ಈಗ ಒಂದು ಚದರ ಮೀಟರಿಗೆ 200 ಗ್ರಾಂ ಪುಡಿ ಮಣ್ಣಲ್ಲಿ ಬೆರೆಸಿ, ತಣ್ಣೀರು ಕೊಟ್ಟು, ತಕ್ಷಣ ಪ್ಲಾಸ್ಟಿಕ್ ಹಾಳೆ ಹೊದಿಸಿ ಅಂಚಿಗೆ ಮಣ್ಣು ಮೆತ್ತುತ್ತೇನೆ. ಹೊದಿಸದಿದ್ದರೆ ಅನಿಲ ಗಾಳಿಗೆ ಹೋಯಿತು. ಹತ್ತು ದಿನ ಬಿಟ್ಟು ತೆಗೆದು, ಮಣ್ಣು ತಿರುವಿ, ಇನ್ನೆರಡು ವಾರ ಕಾಯುತ್ತೇನೆ. ಅನುಮಾನ ಇದ್ದರೆ ನಾಲ್ಕು ಮೂಲಂಗಿ ಬೀಜ ಹಾಕಿ ನೋಡಿ. ಅವು ಸರಿಯಾಗಿ ಮೊಳೆತರೆ ಸಸಿ ನೆಡಿ.

ಪುಡಿ ಯಾವುದಾದರೂ ನಡೆಯುತ್ತೆ ಅಂದುಕೊಳ್ಳಬೇಡಿ. ಕಪ್ಪು ಅಥವಾ ಕಂದು ಸಾಸಿವೆ ಬೇಕು, ಬಿಳಿ ಸಾಸಿವೆಯಲ್ಲಿ ಈ ಹಾರುವ ಘಾಟು ಹುಟ್ಟುವುದಿಲ್ಲ. ಹಿಂಡಿ ಆದರೆ ಬಿಸಿ ಮಾಡದೆ ಗಾಣದಲ್ಲಿ ತೆಗೆದದ್ದೇ ಆಗಲಿ. ಚಂದದ ಡಬ್ಬಿ ನೋಡಿ ಕೊಳ್ಳಬೇಡಿ, ಚಿಟಿಕೆ ಪುಡಿ ತಣ್ಣೀರಲ್ಲಿ ಕಲಸಿ ಮೂಸಿ. ಘಾಟಿಲ್ಲದ್ದು ಬರೀ ಗೊಬ್ಬರ.

ಅಂದಹಾಗೆ, ನಿಮ್ಮದು ದುಂಡಾಣು (ಬ್ಯಾಕ್ಟೀರಿಯಾ) ಸೊರಗು ರೋಗವೇ ಅಂತ ನೋಡಿದ್ದೀರಾ? ಬುಡದ ಹತ್ತಿರ ಕಾಂಡ ಕತ್ತರಿಸಿ, ಗಾಜಿನ ಲೋಟದ ತಿಳಿನೀರಲ್ಲಿ ಅಲುಗಾಡಿಸದೆ ತೂಗುಹಾಕಿ. ಕೆಲವೇ ನಿಮಿಷದಲ್ಲಿ ಹಾಲಿನಂಥ ಬಿಳಿ ಎಳೆ ಕೆಳಗಿಳಿದರೆ ಅದೇ. ಇದನ್ನು ನೋಡದೆ ಔಷಧಿ ಕೇಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ, ತಪ್ಪು ತಿಳಿಯಬೇಡಿ. ಹೌದಾದರೂ ಸಾಸಿವೆಯಿಂದ ರೋಗದ ಒತ್ತಡ ಕಡಿಮೆ ಆಗಬಹುದು ಅಷ್ಟೇ, ಆಳದಲ್ಲಿರುವ ಬ್ಯಾಕ್ಟೀರಿಯಾ ಉಳಿಯುತ್ತದೆ. ಅದೇ ಮಡಿಯಲ್ಲಿ ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಹಾಕಬೇಡಿ, ಎಲ್ಲಕ್ಕೂ ಅದೇ ರೋಗ.

ಕೆಳಗೆ ಇನ್ನೊಬ್ಬರು ಎಲೆ ಮುದುಡು ವೈರಸ್‌ಗೆ ಬೇವಿನ ಬೀಜದ ಕಷಾಯ ಕೇಳಿದ್ದಾರೆ. ಗಿಡದೊಳಗೆ ಸೇರಿದ ವೈರಸ್ಸನ್ನು ಬೇವು ಕೊಲ್ಲುವುದಿಲ್ಲ. ಅದನ್ನು ಹೊತ್ತು ತರುವ ಬಿಳಿನೊಣವನ್ನು ತಗ್ಗಿಸುತ್ತದೆ. ಲೀಟರಿಗೆ 50 ಗ್ರಾಂ ತಿರುಳು ಕುಟ್ಟಿ ರಾತ್ರಿಯಿಡೀ ನೆನೆಸಿ, ಸೋಸಿ, ಸ್ವಲ್ಪ ಸೋಪು ಸೇರಿಸಿ ಸಂಜೆ ಹೊಡೆಯಿರಿ. ಬೇವಿನಲ್ಲಿ ಕೀಟ ತಗ್ಗಿಸುವ ಅಂಶ ಅಜಾಡಿರಾಕ್ಟಿನ್, ಅದು ಬಿಸಿಲಿಗೆ ಬೇಗ ಕೆಡುತ್ತದೆ. ಇದನ್ನೂ ಕುದಿಸಬೇಡಿ. ಬೂಸ್ಟು ಹಿಡಿದ ಬೀಜ ಬೇಡವೇ ಬೇಡ.

ಮತ್ತೆ, ಹತ್ತನೇ ದಿನ ಸಾಸಿವೆ ಮಡಿಯ ಹಾಳೆ ತೆಗೆಯುವಾಗ ಗಾಳಿ ಬರುವ ಕಡೆಗೆ ಬೆನ್ನು ಮಾಡಿ ನಿಲ್ಲಿ. ನಾನು ಬಗ್ಗಿ ಇಣುಕಿ ಅರ್ಧ ಗಂಟೆ ಕೆಮ್ಮಿದ್ದೆ.