ಪಾದಗಳ ಜೋಮು: ಸಕ್ಕರೆ ಕಾಯಿಲೆಯೋ, ಬಿ12 ಕೊರತೆಯೋ?

ಪ್ರಶ್ನೆ: ನನ್ನ ತಾಯಿಗೆ 72 ವರ್ಷ, ಸಸ್ಯಾಹಾರಿ. ಸಕ್ಕರೆ ಕಾಯಿಲೆಗೆ ಬಹುಕಾಲದಿಂದ ಮೆಟ್‌ಫಾರ್ಮಿನ್ ಮತ್ತು ದಿನವೂ ಗ್ಯಾಸ್ಟ್ರಿಕ್ ಮಾತ್ರೆ ಸೇವಿಸುತ್ತಾರೆ. ರಕ್ತಹೀನತೆಗೆ ಕೊಟ್ಟ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆಯಿಂದ ಹಿಮೋಗ್ಲೋಬಿನ್ ಏರಿದರೂ ಪಾದಗಳ ಜೋಮು ಹೆಚ್ಚಾಗಿದೆ, ಮರೆವೂ ಶುರುವಾಗಿದೆ. ಹಾಲು, ಮೊಸರು ತಪ್ಪಿಸುವುದಿಲ್ಲ. ಮಲ್ಟಿವಿಟಮಿನ್ ಸಾಕೇ?

ಉತ್ತರ: ಸಾಲದು. ಮೊದಲು ಅವರ ರಕ್ತದಲ್ಲಿ ಬಿ12 ಎಷ್ಟಿದೆ ಎಂದು ನೋಡಬೇಕು, ಅದೂ ಯಾವುದೇ ವಿಟಮಿನ್ ಮಾತ್ರೆ ಅಥವಾ ಇಂಜೆಕ್ಷನ್ ಆರಂಭಿಸುವ ಮುನ್ನ.

ಹಾಲು, ಮೊಸರಿನಲ್ಲಿ ಬಿ12 ಇರುವುದು ನಿಜ. ಆದರೆ ಆಹಾರದ ಪ್ರೋಟೀನಿಗೆ ಅಂಟಿಕೊಂಡಿರುವ ಈ ವಿಟಮಿನ್ ಬಿಡುಗಡೆಯಾಗಲು ಜಠರದ ಆಮ್ಲ ಬೇಕು. ವಯಸ್ಸಾದಂತೆ ಹಲವರಲ್ಲಿ ಆಮ್ಲ ತಾನಾಗಿಯೇ ಕಡಿಮೆಯಾಗುತ್ತದೆ, ಗ್ಯಾಸ್ಟ್ರಿಕ್ ಮಾತ್ರೆ ಅದನ್ನು ಇನ್ನಷ್ಟು ತಗ್ಗಿಸುತ್ತದೆ, ಮೆಟ್‌ಫಾರ್ಮಿನ್ ಕರುಳಿನಲ್ಲಿ ಹೀರಿಕೆಗೆ ಅಡ್ಡಿಯಾಗುತ್ತದೆ. ಯಕೃತ್ತಿನ ದಾಸ್ತಾನು ಕೆಲವು ವರ್ಷ ಸಾಕಾಗುವಷ್ಟಿರುವುದರಿಂದ ಕೊರತೆ ತಡವಾಗಿ ಕಾಣಿಸಿಕೊಳ್ಳುತ್ತದೆ.

ಹಿಮೋಗ್ಲೋಬಿನ್ ಏರಿತೆಂದು ನೆಮ್ಮದಿಯಿಂದಿರಬೇಡಿ. ಬಿ12 ಕೊರತೆಯಿಂದಾದ ರಕ್ತಹೀನತೆಯನ್ನು ಫೋಲಿಕ್ ಆಮ್ಲವೂ ಸರಿಪಡಿಸಬಲ್ಲದು, ಆದರೆ ನರಗಳಿಗಾಗುವ ಹಾನಿಯನ್ನು ತಡೆಯಲಾರದು. ಬಿ12 ಕೊರತೆಯಲ್ಲಿ ಕೆಂಪು ರಕ್ತಕಣಗಳು ದೊಡ್ಡದಾಗುತ್ತವೆ, ಕಬ್ಬಿಣದ ಕೊರತೆಯಲ್ಲಿ ಚಿಕ್ಕದಾಗುತ್ತವೆ. ಎರಡೂ ಒಟ್ಟಿಗಿದ್ದರೆ ವರದಿಯಲ್ಲಿ ಸರಾಸರಿ ಗಾತ್ರ ಸಹಜವೆಂದೇ ಕಾಣಬಹುದು. ಸಕ್ಕರೆ ಕಾಯಿಲೆಯಿಂದಲೂ ಪಾದಕ್ಕೆ ಜೋಮು ಹಿಡಿಯುವುದರಿಂದ, ನಮ್ಮಲ್ಲಿ ದೂರನ್ನೆಲ್ಲ ಅದರ ತಲೆಗೇ ಕಟ್ಟುವ ರೂಢಿಯಿದೆ.

ರಕ್ತದ ಬಿ12 ಮಿಲಿಲೀಟರಿಗೆ 200 ಪಿಕೊಗ್ರಾಂಗಿಂತ ಕಡಿಮೆಯಿದ್ದರೆ ಸಾಮಾನ್ಯವಾಗಿ ಕೊರತೆಯೆಂದೇ ಪರಿಗಣಿಸುತ್ತಾರೆ. 200ರಿಂದ 300ರ ನಡುವಿದ್ದರೆ, ಬಿ12 ಕೊರತೆಯಾದಾಗ ರಕ್ತದಲ್ಲಿ ಏರುವ ಮೀಥೈಲ್‌ಮಲೋನಿಕ್ ಆಮ್ಲದ ಪರೀಕ್ಷೆ ನೆರವಾಗುತ್ತದೆ, ಆದರೆ ಮೂತ್ರಪಿಂಡ ದುರ್ಬಲವಾಗಿದ್ದರೆ ಅದೂ ದಾರಿ ತಪ್ಪಿಸಬಹುದು. ನರದ ಲಕ್ಷಣಗಳಿರುವುದರಿಂದ, ಕೊರತೆ ಖಚಿತವಾದರೆ ವೈದ್ಯರು ಮೊದಲು ಇಂಜೆಕ್ಷನ್ ನೀಡುವ ಸಂಭವ ಹೆಚ್ಚು. ಅನಂತರ 1000 ಮೈಕ್ರೊಗ್ರಾಂ ಮಾತ್ರೆಗೆ ಬದಲಿಸಬಹುದು. ಮಾತ್ರೆಯ ಬಿ12ಗೆ ಜಠರದ ಆಮ್ಲದ ಹಂಗಿಲ್ಲ, ಅದರ ನೂರರಲ್ಲೊಂದು ಪಾಲು ತಾನಾಗಿ ರಕ್ತ ಸೇರಿದರೂ ದಿನದ ಅಗತ್ಯ ಮೀರುತ್ತದೆ. ಅನೇಕ ಮಲ್ಟಿವಿಟಮಿನ್‌ಗಳಲ್ಲಿರುವ ಪ್ರಮಾಣ ಇದಕ್ಕಿಂತ ಬಹಳ ಕಡಿಮೆ.

ಮೆಟ್‌ಫಾರ್ಮಿನ್ ಅನ್ನು ನೀವಾಗಿ ನಿಲ್ಲಿಸಬೇಡಿ. ಗ್ಯಾಸ್ಟ್ರಿಕ್ ಮಾತ್ರೆ ಈಗಲೂ ಬೇಕೇ ಎಂದು ಮಾತ್ರ ವೈದ್ಯರನ್ನು ಅವಶ್ಯ ಕೇಳಿ. ಎಂದೋ ಕೆಲವು ವಾರಗಳಿಗೆಂದು ಬರೆದುಕೊಟ್ಟದ್ದು ವರ್ಷಗಟ್ಟಲೆ ಮುಂದುವರಿಯುವುದು ಅಪರೂಪವಲ್ಲ. ಈ ವಯಸ್ಸಿನಲ್ಲಿ ಕಬ್ಬಿಣದ ಕೊರತೆಯೂ ಖಚಿತವಾಗಿದ್ದರೆ, ಜಠರ ಅಥವಾ ಕರುಳಿನಲ್ಲಿ ರಕ್ತಸ್ರಾವವಿದೆಯೇ ಎಂಬುದನ್ನೂ ಅವರು ಪರಿಶೀಲಿಸಬೇಕಾಗುತ್ತದೆ. ಜೋಮು ಇಳಿಯಲು ತಿಂಗಳುಗಳೇ ಹಿಡಿಯಬಹುದು, ತಡವಾದಷ್ಟೂ ಪೂರ್ತಿ ಗುಣವಾಗುವ ಸಾಧ್ಯತೆ ಕುಗ್ಗುತ್ತದೆ. ಆದ್ದರಿಂದ ಈ ವಾರವೇ ಪರೀಕ್ಷೆ ಮಾಡಿಸಿ.